"ಆ ಇಂಜೆಕ್ಷನ್ ನನಗೆ ನಾಟೋದಿಲ್ಲ ಸಿಸ್ಟರ್"

ಪಾಳಿ ಬದಲಾಗುವಾಗ ಹ್ಯಾಂಡೋವರ್‌ನಲ್ಲೇ ಹೇಳಿದ್ದರು: "ಬೆಡ್ 7, ಗರ್ಭಕೋಶ ತೆಗೆದಿದೆ, ಸ್ವಲ್ಪ ಜಾಸ್ತಿ ಕೂಗ್ತಾರೆ." ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ರಾತ್ರಿ 11ಕ್ಕೆ ಟ್ರಮಡಾಲ್ ಅನ್ನುವ ನೋವಿನ ಇಂಜೆಕ್ಷನ್ ಕೊಟ್ಟೆ. 12ಕ್ಕೆ ಕೇಳಿದಾಗ ನೋವು (ಪೇನ್ ಸ್ಕೋರ್) 10ಕ್ಕೆ 8 ಅಂದರು. ಬಿಪಿ ಸರಿಯಿತ್ತು, ಕಣ್ಣಲ್ಲಿ ನೀರಿರಲಿಲ್ಲ. ನಾನು ಚಾರ್ಟ್‌ನಲ್ಲಿ 5 ಅಂತ ಬರೆದೆ. ಹೌದು, ಅವರು ಹೇಳಿದ ಅಂಕಿ ಬಿಟ್ಟು ನನಗೆ ಕಂಡಿದ್ದನ್ನು ಬರೆದೆ. ಡ್ಯೂಟಿ ಡಾಕ್ಟರ್‌ಗೆ ಫೋನಿನಲ್ಲೂ 5 ಅಂತಲೇ ಹೇಳಿದೆ. ಅವರು "ಕಾಯೋಣ" ಅಂದರು.

ಬೆಡ್ 7ರ ಆಕೆ ಬೆಡ್‌ನ ಕಂಬಿ ಹಿಡಿದು ಮಲಗಿದ್ದರು. ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದರು. "ಆ ಇಂಜೆಕ್ಷನ್ ನನಗೆ ನಾಟೋದಿಲ್ಲ ಸಿಸ್ಟರ್. ಹಿಂದೆ ಕೈ ಮುರಿದಾಗಲೂ ನಾಟಲಿಲ್ಲ. ನಮ್ಮಕ್ಕನಿಗೂ ಹಾಗೇ." ನಾನು ಸಮಾಧಾನ ಹೇಳಿ ಮುಂದಿನ ಬೆಡ್‌ಗೆ ಹೋದೆ.

2 ಗಂಟೆಗೆ ಬೇರೆ ಕೇಸಿಗೆ ಬಂದ ಅನಸ್ತೇಶಿಯಾ ಡಾಕ್ಟರ್ ಮೇಡಂ ಆಕೆಯ ಮುಖ ನೋಡಿ ನಿಂತರು. ಹೊಟ್ಟೆ, ಡ್ರೆಸ್ಸಿಂಗ್, ಡ್ರೈನ್ ಎಲ್ಲಾ ನೋಡಿದರು. ಅಕ್ಕನ ವಿಷಯ ಕೇಳಿದ ಕೂಡಲೇ ಮಾರ್ಫಿನ್ ಅನ್ನುವ ಜೋರಾದ ನೋವಿನ ಮದ್ದು ಬರೆದರು. ಅದನ್ನು ಇಡುವ ಕಪಾಟಿನ ಬೀಗದ ಕೈ ಇನ್ನೊಂದು ಮಹಡಿಯಲ್ಲಿ, ರಿಜಿಸ್ಟರ್‌ಗೆ ಎರಡು ಸಹಿ ಬೇಕು. ಅದಕ್ಕೇ ಅರ್ಧ ಗಂಟೆ ಹೋಯಿತು. ರಾತ್ರಿ ಪಾಳಿಗೆ ಕೀಲಿ ವಾರ್ಡ್ ಹತ್ತಿರ ಇರಲಿ ಅಂತ ಎಷ್ಟು ಸಲ ಕೇಳಿದ್ದೇವೋ! ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಪಕ್ಕದಲ್ಲೇ ಕೂತು ಉಸಿರು ಎಣಿಸಿದೆ. ಕಂಬಿ ಹಿಡಿದ ಬೆರಳುಗಳು ತಾವಾಗಿಯೇ ಸಡಿಲವಾದವು.

ಬೆಳಿಗ್ಗೆ ಮೇಡಂ ಬಿಡಿಸಿ ಹೇಳಿದರು. ಟ್ರಮಡಾಲ್ ಚೆನ್ನಾಗಿ ನಾಟಬೇಕಾದರೆ ಲಿವರ್‌ನ ಸಿವೈಪಿ2ಡಿ6 ಅನ್ನುವ ಎನ್‌ಜೈಮ್ ಅದನ್ನು ಬದಲಾಯಿಸಬೇಕು. ಅಪ್ಪ, ಅಮ್ಮ ಇಬ್ಬರಿಂದಲೂ ಆ ಎನ್‌ಜೈಮ್ ಮಾಡಿಸುವ ಜೀನಿನ ಕೆಲಸ ಮಾಡದ ಪ್ರತಿ ಬಂದಿದ್ದರೆ ಮದ್ದು ಒಳಗೆ ಹೋದರೂ ನೋವು ಅಷ್ಟಾಗಿ ಇಳಿಯುವುದಿಲ್ಲ. ಕೊಡೀನ್ ಅನ್ನುವ ನೋವಿನ ಮದ್ದು ಕೂಡ ಹಾಗೇ. ಮಾರ್ಫಿನ್‌ಗೆ ಈ ಬದಲಾವಣೆ ಬೇಕಿಲ್ಲ. ಇದೇ ಜೀನಿನ ಪ್ರತಿಗಳು ಜಾಸ್ತಿ ಇದ್ದವರಲ್ಲಿ ಉಲ್ಟಾ: ಮದ್ದು ಬೇಗ ಏರಿ ಉಸಿರೇ ಇಳಿಯಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 12 ವರ್ಷದೊಳಗಿನ ಮಕ್ಕಳಿಗೆ ನೋವಿಗಾಗಿ ಟ್ರಮಡಾಲ್, ಕೊಡೀನ್ ಎರಡನ್ನೂ ಕೊಡಬಾರದು ಅಂದಿದ್ದು ಈ ಭಯಕ್ಕೇ.

ನಮ್ಮಲ್ಲಿ ಜೀನ್ ಟೆಸ್ಟ್ ಮಾಡಿಸಲಿಲ್ಲ, ಹಾಗಾಗಿ ಇದೇ ಕಾರಣ ಅಂತ ಖಡಾಖಂಡಿತ ಹೇಳಲಾರೆ. ಆದರೆ ಆಕೆ ರಾತ್ರಿ 12ಕ್ಕೇ ಎಲ್ಲಾ ಹೇಳಿದ್ದರು, ಅಲ್ವಾ? ಅಕ್ಕನ ಸುದ್ದಿಯನ್ನೂ ಸೇರಿಸಿ.

ಕೇಸ್ ಶೀಟ್‌ನಲ್ಲಿ ಅಲರ್ಜಿಗೆ ಜಾಗ ಇದೆ, ನಾಟದ ಮದ್ದಿಗೆ ಇಲ್ಲ. ಡಿಸ್ಚಾರ್ಜ್ ದಿನ ಮೇಡಂ ಹತ್ತಿರ ಹೇಳಿ ಸಮರಿಯ ಕೆಳಗೆ ಕೈಯಲ್ಲೇ ಬರೆಸಿದೆ: "ಟ್ರಮಡಾಲ್‌ಗೆ ನೋವು ಇಳಿಯಲಿಲ್ಲ." ಅದರ ಜೆರಾಕ್ಸ್ ಒಂದನ್ನು ಅವರ ಅಕ್ಕನಿಗೂ ಕೊಟ್ಟು ಕಳಿಸಿದೆ.