ಮನಾಮದ ಕೋಣೆಯಲ್ಲಿ ಹರಿಹರದ ಹಬ್ಬ

ಪ್ರತಿವರ್ಷ ಸೆಪ್ಟೆಂಬರ್ 7ರ ರಾತ್ರಿ ಎಲ್ಲರಿಗೂ ಊಟಕ್ಕಿಟ್ಟು, ಪಾತ್ರೆ ತೊಳೆದು, ಸೆರಗಿನ ತುದಿಗೆ ಜಪಸರವನ್ನು ಗಂಟು ಹಾಕಿಕೊಂಡು ನಮ್ಮ ಅವ್ವ ದಾವಣಗೆರೆಯಿಂದ ಹರಿಹರಕ್ಕೆ ನಡೆದು ಹೊರಡುತ್ತಿದ್ದಳು. ಪಿ.ಬಿ. ರಸ್ತೆ ಹಿಡಿದರೆ ಸುಮಾರು 14 ಕಿಲೋಮೀಟರ್ ದಾರಿ. ಓಣಿಯ ಏಳೆಂಟು ಹೆಂಗಸರು ಜೊತೆಗಿರುತ್ತಿದ್ದರು. ಅವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಿದ್ದರು. ನನ್ನನ್ನೂ ತಂಗಿಯನ್ನೂ ಅಪ್ಪ ಸರದಿಯ ಮೇಲೆ ಹೆಗಲಿಗೇರಿಸಿಕೊಳ್ಳುತ್ತಿದ್ದರು. ತುಂಗಭದ್ರೆಯ ಕಡೆಯಿಂದ ಬರುವ ತಣ್ಣನೆಯ ಗಾಳಿ ಮುಖಕ್ಕೆ ತಾಗಿದಾಗ ಹರಿಹರ ಬಂತೆಂದು ಕಣ್ಣು ಮುಚ್ಚಿಕೊಂಡೇ ತಿಳಿಯುತ್ತಿತ್ತು. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ, ಅಂದೇ ಹರಿಹರದ ಆರೋಗ್ಯಮಾತೆಯ ಹಬ್ಬ. ಆ ದೇವಾಲಯಕ್ಕೆ ಈಚಿನ ವರ್ಷಗಳಲ್ಲಿ ಬಸಿಲಿಕ ಎಂಬ ಗೌರವ ದೊರೆತಿದೆ. ಅವ್ವನ ಬಾಯಲ್ಲಿ ಮಾತ್ರ ಅದು ಎಂದಿಗೂ ‘ಮಾತೆ ಗುಡಿ’ಯೇ. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಪೂಜಿಸುವ ಊರಾದ್ದರಿಂದಲೋ ಏನೋ, ಯಾರು ಯಾವ ಬಾಗಿಲಲ್ಲಿ ಕೈಮುಗಿದರು ಎಂದು ಅಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ.

ಅವ್ವ ಹಾಗೆ ನಡೆಯತೊಡಗಿದ್ದು ಅಪ್ಪನ ಗಿರಣಿ ಮುಚ್ಚಿದ ವರ್ಷದಿಂದ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವದು. ಗಿರಣಿ ಮತ್ತೆ ತೆರೆಯಲಿ ಎಂದು ಹರಕೆ ಹೊತ್ತಿದ್ದೀಯಾ ಎಂದು ನಾನೊಮ್ಮೆ ಕೇಳಿದ್ದೆ. “ಅದನ್ನೆಲ್ಲಿ ಕೇಳ್ಲಿ? ಬೆಳಗ್ಗೆ ಎದ್ದು ಒಲೆ ಹಚ್ಚಾಕೆ ಕೈಯಾಗೆ ಬಲ ಇರ್ಲಿ ಅಂತ ಬೇಡ್ಕಂಡೆ ಕಣಪ್ಪ” ಎಂದಿದ್ದಳು. ಗಿರಣಿ ತೆರೆಯಲಿಲ್ಲ. ಒಲೆ ಒಂದು ದಿನವೂ ಉರಿಯದೆ ಉಳಿಯಲಿಲ್ಲ. ಈ ಮಾತಿನ ತೂಕ ನನಗೆ ತಿಳಿಯಲು ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಬೇಕಾಯಿತು, ಅದೂ ಸಮುದ್ರದಾಚೆಗೆ.

2017ರಲ್ಲಿ ನಾನು ಏಸಿ ರಿಪೇರಿಯ ಕೆಲಸಕ್ಕೆಂದು ಬಹರೈನ್‌ನ ರಾಜಧಾನಿ ಮನಾಮಕ್ಕೆ ಹೋದೆ. ಮೊದಲ ಐದಾರು ವರ್ಷ ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ. 2023ರ ಏಪ್ರಿಲ್‌ನಿಂದ ನಾನು ದುಡಿಯುತ್ತಿದ್ದ ಕಂಪನಿ ಸಂಬಳ ಕೊಡುವುದನ್ನು ನಿಲ್ಲಿಸಿತು. ಮುಂದಿನ ತಿಂಗಳು ಎಂಬ ಮಾತಿನಲ್ಲೇ ಐದು ತಿಂಗಳು ಕಳೆದವು. ಅದೇ ವರ್ಷ ನಮ್ಮ ಕಡೆ ಮುಂಗಾರು ಕೈಕೊಟ್ಟಿತು. 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ತಿಂಗಳು ಅದು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸುವ ಹೊತ್ತಿಗೆ, ತಂಗಿಯ ಗಂಡ ಗುತ್ತಿಗೆಗೆ ಹಿಡಿದಿದ್ದ ಹೊಲದಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಸುರುಟಿಹೋಗಿತ್ತು. ಇವೆರಡರ ನಡುವೆ, ಜುಲೈನ ಒಂದು ಬೆಳಗಿನ ಜಾವ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ನಾವು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತು. ನೀರು ಬೇಕೆನ್ನಲು ಹೋದರೆ ಬೇರೇನೋ ಶಬ್ದ ಹೊರಡುತ್ತಿತ್ತು, ಅದು ತಪ್ಪೆಂದು ಅವಳಿಗೇ ತಿಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಇದನ್ನೆಲ್ಲ ನಾನು ಕಂಡದ್ದು ತಂಗಿ ಹಿಡಿದ ಮೊಬೈಲಿನ ಪರದೆಯಲ್ಲಿ.

ಊರಿಗೆ ಏಕೆ ಓಡಿ ಹೋಗಲಿಲ್ಲ ಎಂದು ಅನೇಕರು ಕೇಳಿದ್ದಾರೆ. ಟಿಕೆಟ್‌ಗೆ ಹಣವಿರಲಿಲ್ಲ. ಸಾಲ ಮಾಡಿ ಹೊರಟರೂ ಐದು ತಿಂಗಳ ಬಾಕಿ ಮತ್ತೆ ಕೈಸೇರುವ ಭರವಸೆಯಿರಲಿಲ್ಲ, ಮತ್ತು ಅವ್ವನ ಆಸ್ಪತ್ರೆಯ ಖರ್ಚಿಗೆ ತಂಗಿ ಮಾಡಿದ್ದ ಸಾಲವನ್ನು ತೀರಿಸಲು ಆ ಬಾಕಿಯೊಂದೇ ದಾರಿಯಾಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ರಾತ್ರಿ ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಆ ದಿನಗಳಲ್ಲಿ ನನಗೆ ಪ್ರಾರ್ಥಿಸಲು ಆಗುತ್ತಿರಲಿಲ್ಲ. ಕೈಜೋಡಿಸಿ ಕುಳಿತರೆ ಮನಸ್ಸು ಸಾಲದ ಲೆಕ್ಕಕ್ಕೋ ಸಿಟ್ಟಿಗೋ ಜಾರುತ್ತಿತ್ತು. ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡಾಗ ಗುರುಗಳು ಉಪದೇಶ ಮಾಡಲಿಲ್ಲ. ಬೈಬಲಿನ ಕೀರ್ತನೆಗಳಲ್ಲಿ 88ನೆಯದನ್ನು ದಿನಕ್ಕೊಮ್ಮೆ ಓದು ಎಂದಷ್ಟೇ ಹೇಳಿದರು. ಕಷ್ಟವನ್ನು ತೋಡಿಕೊಳ್ಳುವ ಕೀರ್ತನೆಗಳು ಬಹಳಷ್ಟಿವೆ, ಆದರೆ ಹೆಚ್ಚಿನವು ಕೊನೆಯ ಹೊತ್ತಿಗೆ ಸ್ತುತಿಯ ಕಡೆಗೋ ಭರವಸೆಯ ಕಡೆಗೋ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಹಗಲಿರುಳು ಮೊರೆಯಿಟ್ಟೆ, ಏಕೆ ಮುಖ ಮರೆಮಾಡಿದೆ ಎಂದು ಕೇಳುತ್ತ ಹೋಗಿ, ಅದು ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಮೊದಲ ಸಲ ಗಮನವಿಟ್ಟು ಓದಿದ ರಾತ್ರಿ ನನಗೆ ವಿಚಿತ್ರವಾದ ನೆಮ್ಮದಿ ಸಿಕ್ಕಿತು. ಹಾಡು ಬಾರದ ಮನುಷ್ಯನ ಗೋಳಾಟವನ್ನೂ ಪವಿತ್ರ ಗ್ರಂಥ ತನ್ನೊಳಗೆ ಇಟ್ಟುಕೊಂಡಿದೆ, ಅದನ್ನೂ ಪ್ರಾರ್ಥನೆ ಎಂದೇ ಕರೆದಿದೆ. ಪ್ರಾರ್ಥಿಸಿದ ಮರುದಿನವೇ ಕೆಲಸ ಸಿಕ್ಕಿತು, ರೋಗ ವಾಸಿಯಾಯಿತು ಎಂಬ ಸಾಕ್ಷಿಗಳನ್ನು ಕೇಳಿ ನಾನು ಬೆಳೆದಿದ್ದೇನೆ. ಅವು ಸುಳ್ಳೆಂದು ಹೇಳಲಾರೆ. ಆದರೆ ಅವನ್ನಷ್ಟೇ ಕೇಳುತ್ತ ಬಂದವನಿಗೆ ತನ್ನ ಬೇಡಿಕೆ ಈಡೇರದ ದಿನ ತನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆ ಎಂಬ ಭಯ ಹುಟ್ಟುತ್ತದೆ, ಮತ್ತು ಆ ಭಯ ಕಷ್ಟಕ್ಕಿಂತಲೂ ಕ್ರೂರವಾದದ್ದು ಎಂದು ನನ್ನ ಅನುಭವ.

ಆಗಸ್ಟ್ ಕೊನೆಗೆ ಹರಿಹರದ ಹಬ್ಬದ ನವೇನ ನೆನಪಾಯಿತು. ಆಗಸ್ಟ್ 30ರಿಂದ ಒಂಬತ್ತು ದಿನದ ಪ್ರಾರ್ಥನೆ ಅದು. ನಮ್ಮ ಕೋಣೆಯಲ್ಲಿ ಎರಡಂತಸ್ತಿನ ಮೂರು ಕಬ್ಬಿಣದ ಮಂಚಗಳು, ಆರು ಜನ. ಎಲ್ಲರೂ ಅದೇ ಕಂಪನಿಯವರು, ಎಲ್ಲರಿಗೂ ಅದೇ ಬಾಕಿ. ಕೊಲ್ಲಂನ ಹಿರಿಯರೊಬ್ಬರು, ತೂತ್ತುಕುಡಿಯವರೊಬ್ಬರು, ಕಾರ್ಕಳದ ಕಡೆಯ ಕೊಂಕಣಿ ಹುಡುಗ, ಬಿಹಾರದವನೊಬ್ಬ, ಮತ್ತು ಹರಿಹರದವನೇ ಆದ ಒಬ್ಬ ಮುಸ್ಲಿಂ ತಮ್ಮ. ನನ್ನ ಕಬ್ಬಿಣದ ಕಪಾಟಿನ ಬಾಗಿಲಿಗೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಆರೋಗ್ಯಮಾತೆಯ ಚಿತ್ರ ಅಂಟಿಸಿದ್ದೆ. ಮೊದಲ ದಿನ ಅದರ ಮುಂದೆ ಒಬ್ಬನೇ ಮಂಡಿಯೂರಿದೆ. ಹರಿಹರದ ತಮ್ಮ ಮೇಲಿನ ಮಂಚದಿಂದಲೇ ನೋಡಿ, “ಅಣ್ಣಾ, ಬಾವುಟ ಏರಿಸ್ಯಾರಾ ಊರಾಗೆ?” ಎಂದು ಕೇಳಿದ. ಎಳವೆಯಲ್ಲಿ ಕಾಯಿಲೆ ಬಿದ್ದಾಗ ಅವನ ತಾಯಿ ಅವನನ್ನು ಅಲ್ಲಿಗೆ ಎತ್ತಿಕೊಂಡು ಹೋಗಿ ಮೇಣದಬತ್ತಿ ಹಚ್ಚಿದ್ದರಂತೆ. ಎರಡನೆಯ ದಿನ ಕೊಲ್ಲಂನವರೂ ತೂತ್ತುಕುಡಿಯವರೂ ಬಂದು ಕೂತರು. ನಾಲ್ಕನೆಯ ದಿನದಿಂದ ಜಪದ ಹೊತ್ತಿಗೆ ಕೋಣೆಯ ದೊಡ್ಡ ದೀಪ ಆರಿಸುವುದು, ಮುಗಿದ ಮೇಲೆ ಚಹಾ ಇಡುವುದು ಬಿಹಾರದವನ ಪಾಲಿಗೆ ತಾನಾಗಿಯೇ ಬಂತು.

ನನ್ನ ಕೈಯಲ್ಲಿದ್ದದ್ದು ಅವ್ವನ ಜಪಸರ. ನಾನು ಹೊರಟ ದಿನ ಸೆರಗಿನ ಗಂಟು ಬಿಚ್ಚಿ ಅದನ್ನು ಕೊಟ್ಟು, ತನಗೆ ಬೇರೆಯದನ್ನು ಕೊಂಡುಕೊಂಡಿದ್ದಳು. ಕಂದು ಬಣ್ಣದ ಮರದ ಮಣಿಗಳು ಬೆರಳ ಎಣ್ಣೆಗೆ ಕಪ್ಪಾಗಿ ನುಣುಪಾಗಿವೆ. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪುಗಳಿರುತ್ತವೆ, ಒಂದೊಂದನ್ನೂ ದಶಕ ಎನ್ನುತ್ತಾರೆ. ಇದರ ಎರಡನೆಯ ದಶಕದಲ್ಲಿ ಒಂದು ಮಣಿ ಇಲ್ಲ. ಎಂದೋ ಹರಿಹರದ ದಾರಿಯಲ್ಲಿ ಅದು ಒಡೆದು ಬಿದ್ದಿತ್ತು. ಅಪ್ಪ ಗಿರಣಿಯಿಂದ ತಂದಿದ್ದ ಬಿಳಿ ನೂಲನ್ನು ಮೂರೆಳೆ ಹೊಸೆದು, ಆ ಜಾಗದಲ್ಲಿ ಮಣಿಯಷ್ಟೇ ದಪ್ಪದ ಗಂಟು ಹಾಕಿಕೊಟ್ಟಿದ್ದರು. ನುಣುಪಾದ ಮಣಿಗಳ ಮೇಲೆ ಜಾರುವ ಬೆರಳು ಆ ಒರಟು ಗಂಟಿನ ಬಳಿ ಒಂದು ಕ್ಷಣ ನಿಲ್ಲುತ್ತದೆ. ಒಂಬತ್ತು ರಾತ್ರಿಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ನನ್ನ ಸ್ವಂತ ಮಾತುಗಳು ಬತ್ತಿಹೋಗಿದ್ದ ಕಾಲದಲ್ಲಿ, ಯಾರೋ ಎಂದೋ ಕಟ್ಟಿಕೊಟ್ಟ ಮಾತುಗಳು ನನ್ನನ್ನು ಹೊತ್ತು ನಡೆಸಿದವು. ಒಂದು ಜಪಸರಕ್ಕೆ ‘ನಮೋ ಮರಿಯಾ’ 53 ಸಲ ಬರುತ್ತದೆ. ಅಷ್ಟೂ ಸಲ ಭಕ್ತಿ ಉಕ್ಕಿತು ಎಂದರೆ ಸುಳ್ಳಾಗುತ್ತದೆ. ಹಲವು ರಾತ್ರಿ ಬರಿಯ ತುಟಿ ಆಡಿತು, ಅಷ್ಟೆ. ಆದರೂ ಮರುದಿನ ಬೆಳಗ್ಗೆ ಎದ್ದು ಕೆಲಸದ ಜಾಗಕ್ಕೂ ಕಾರ್ಮಿಕ ಕಚೇರಿಗೂ ಅಲೆಯುವಷ್ಟು ಬಲ ಎಲ್ಲಿಂದಲೋ ಬಂದಿರುತ್ತಿತ್ತು. ಅವ್ವ ಒಲೆ ಹಚ್ಚಲು ಬೇಡಿಕೊಂಡದ್ದು ಇದನ್ನೇ ಇರಬೇಕು.

2023ರ ಸೆಪ್ಟೆಂಬರ್ 8 ಶುಕ್ರವಾರವಾಗಿತ್ತು, ಬಹರೈನ್‌ನಲ್ಲಿ ವಾರದ ರಜೆ. ಬೆಳಗ್ಗೆ ಮನಾಮದ ಪವಿತ್ರ ಹೃದಯ ದೇವಾಲಯಕ್ಕೆ ಹೋದೆವು. ಅಂದಿನ ದೊರೆ ಕೊಟ್ಟ ನೆಲದಲ್ಲಿ 1939ರಲ್ಲಿ ಕಟ್ಟಲು ಆರಂಭಿಸಿದ ದೇವಾಲಯವದು. ಹೊಟ್ಟೆಪಾಡಿಗೆ ಬಂದ ನನ್ನಂಥವರು ಎಷ್ಟು ತಲೆಮಾರುಗಳಿಂದ ಅಲ್ಲಿ ಮೊಣಕಾಲೂರಿದ್ದಾರೋ. ಕಾರ್ಕಳದ ಹುಡುಗನಿಗೆ ಅಂದು ಮೊಂತಿ ಹಬ್ಬ. ಅವರ ಕಡೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಊರಿನಿಂದ ಬಂದ ಪರಿಚಯದವರು ತಂದಿದ್ದ ಒಂದು ತೆನೆ ಅವನಿಗೆ ಸಿಕ್ಕಿತ್ತು. ಮಳೆಯಿಲ್ಲದೆ ಒಣಗಿದ ನಮ್ಮ ಬಯಲುಸೀಮೆಯನ್ನು ನೆನೆದು ನಾನು ಆ ಹಸಿರು ತೆನೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಮಧ್ಯಾಹ್ನ ಕೋಣೆಯಲ್ಲಿ ಹಬ್ಬ. ಕೇರಳದವರ ಅಂಗಡಿಯಿಂದ ಹರಿಹರದ ತಮ್ಮ ಎರಡು ಪೊಟ್ಟಣ ಮಂಡಕ್ಕಿ ತಂದ. ನಮ್ಮ ಭಟ್ಟಿಯ ಮಂಡಕ್ಕಿಯಂತೆ ಅದು ಗರಿಗರಿಯಾಗಿರಲಿಲ್ಲ, ಬಾಣಲೆಯಲ್ಲಿ ಒಮ್ಮೆ ಬಿಸಿ ಮಾಡಬೇಕಾಯಿತು. ಎಣ್ಣೆಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ ಹಾಕಿ, ಮಂಡಕ್ಕಿ ಸುರಿದು, ಹುರಿಗಡಲೆ ಪುಡಿ ಉದುರಿಸಿ ಕೈಯಾಡಿಸಿದ. ನಾನು ಕಡಲೆಹಿಟ್ಟು ಕಲಸಿ ಮೆಣಸಿನಕಾಯಿ ಕರಿದೆ. ಜಾತ್ರೆಯ ದಿನ ಬೆಳಗಾಗುವ ಹೊತ್ತಿಗೆ, ನಡೆದು ದಣಿದ ಅವ್ವ ಕಾಲು ಚಾಚಿ ಕೂತು, ಕಾಗದದ ಪೊಟ್ಟಣದಲ್ಲಿ ನಮಗೆ ಕೊಡಿಸುತ್ತಿದ್ದದ್ದು ಇದನ್ನೇ.

ನಾಲ್ಕು ಗಂಟೆಗೆ ತಂಗಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಆಗ ಆರೂವರೆ. ಅವ್ವ ದಿಂಬಿಗೆ ಒರಗಿ ಕೂತಿದ್ದಳು. ಪ್ರತಿ ದಶಕದಲ್ಲೂ ಯೇಸುವಿನ ಇಲ್ಲವೆ ಮರಿಯಮ್ಮನವರ ಬಾಳಿನ ಒಂದು ಘಟನೆಯನ್ನು ನೆನೆಯುತ್ತೇವೆ, ಅದನ್ನೇ ರಹಸ್ಯ ಎನ್ನುತ್ತಾರೆ. ಶುಕ್ರವಾರ ದುಃಖದ ರಹಸ್ಯಗಳನ್ನು ಧ್ಯಾನಿಸುವುದು ವಾಡಿಕೆ, ಹಬ್ಬವೆಂದು ಅಂದು ಸಂತೋಷದ ರಹಸ್ಯಗಳನ್ನೇ ತೆಗೆದುಕೊಂಡೆವು. ಮೊದಲ ದಶಕವನ್ನು ನಾನೂ ತಂಗಿಯೂ ಹೇಳಿದೆವು. ಎರಡನೆಯದು, ಗರ್ಭಿಣಿ ಮರಿಯಮ್ಮನವರು ಬೆಟ್ಟದ ಸೀಮೆಯಲ್ಲಿದ್ದ ಎಲಿಜಬೇತಳನ್ನು ಕಾಣಲು ಹೊರಟುಹೋದ ರಹಸ್ಯ. ಗಂಟಿನ ಬಳಿ ನನ್ನ ಬೆರಳು ನಿಂತಿತು, ಗಂಟಲು ಕಟ್ಟಿ ಒಂದೆರಡು ಕ್ಷಣ ನಾನು ತಡೆದೆ. ಆಗ ಆ ಕಡೆಯಿಂದ ಪ್ರಾರ್ಥನೆಯ ಉತ್ತರಾರ್ಧ, ಪಾಪಿಗಳಾದ ನಮಗಾಗಿ ಈಗಲೂ ಮರಣದ ಗಳಿಗೆಯಲ್ಲೂ ಪ್ರಾರ್ಥಿಸಿರಿ ಎನ್ನುವ ಭಾಗ, ಮೊದಲಿನಿಂದ ಕೊನೆಯವರೆಗೆ ಕೇಳಿಸಿತು. ಅದು ತಂಗಿಯ ಧ್ವನಿಯಾಗಿರಲಿಲ್ಲ. ನಾಲಿಗೆ ಸ್ವಲ್ಪ ತೊಡರುತ್ತಿತ್ತು, ಆದರೆ ಒಂದು ಮಾತೂ ತಪ್ಪಿರಲಿಲ್ಲ. ನಾನು ಮುಂದಿನದನ್ನು ಆರಂಭಿಸಿದೆ, ಅವ್ವ ಮುಗಿಸಿದಳು. ಹಾಗೆ ಐದನೆಯ ದಶಕದವರೆಗೂ. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಜಪ ಮುಗಿದ ಮೇಲೆ “ಅವ್ವಾ, ಊಟ ಆಯ್ತಾ?” ಎಂದು ಕೇಳಿದೆ. ಅವಳು ಉತ್ತರಿಸಲು ಹೋದಳು, ಮಾತು ಮತ್ತೆ ಎಲ್ಲೋ ಜಾರಿಹೋಯಿತು.

ಇದು ಪವಾಡವೇ ಎಂದು ನಾನು ವಾದಿಸುವುದಿಲ್ಲ. ಲಕ್ವದಿಂದ ಮಾತು ಕಳೆದುಕೊಂಡವರಲ್ಲಿ ಅನೇಕರಿಗೆ ಹೊಸ ವಾಕ್ಯ ಕಟ್ಟಲು ಆಗದಿದ್ದರೂ ಬಾಯಿಪಾಠವಾದ ಪ್ರಾರ್ಥನೆ, ಹಾಡು, ಎಣಿಕೆ ಉಳಿದಿರುತ್ತವೆ ಎಂದು ಅವಳನ್ನು ನೋಡುತ್ತಿದ್ದ ವೈದ್ಯರು ಆಮೇಲೆ ವಿವರಿಸಿದರು. ಆ ವಿವರಣೆಯಿಂದ ನನ್ನ ವಿಶ್ವಾಸಕ್ಕೆ ಕುಂದು ಬರಲಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೆಯ ಅಧ್ಯಾಯದಲ್ಲಿ, ತಮ್ಮ ದೇಹಕ್ಕೆ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ್ದನ್ನು ಹೇಳಿಕೊಳ್ಳುತ್ತಾರೆ. ಮುಳ್ಳು ಹೋಗಲಿಲ್ಲ, ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಆ ಸಾಲನ್ನು ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿದ್ದೆ. ಅವ್ವನ ತೊಡರುವ ನಾಲಿಗೆಯಲ್ಲಿ ಅದರ ಅರ್ಥ ನನಗೆ ಕೇಳಿಸಿತು.

ಡಿಸೆಂಬರ್‌ನಲ್ಲಿ ದೂರು ಇತ್ಯರ್ಥವಾಗಿ ಮೂರು ತಿಂಗಳ ಸಂಬಳ ಕೈಗೆ ಬಂತು, ಉಳಿದದ್ದು ಹೋಯಿತು. 2024ರ ಜನವರಿಯಲ್ಲಿ ಊರಿಗೆ ಮರಳಿದೆ. ಈಗ ದಾವಣಗೆರೆಯಲ್ಲೇ ಫ್ರಿಜ್, ಏಸಿ ರಿಪೇರಿ ಮಾಡುತ್ತೇನೆ. ಆ ವರ್ಷ ಸೆಪ್ಟೆಂಬರ್ 7ರ ರಾತ್ರಿ ಅವ್ವನ ಬದಲು ನಾನು ನಡೆದೆ. ಅವಳು ಈಗ ಕೋಲು ಹಿಡಿದು ಬಾಗಿಲವರೆಗೆ ಬರುತ್ತಾಳೆ. ನನ್ನ ಹೆಸರು ಅವಳ ಬಾಯಿಗೆ ಇನ್ನೂ ಬಂದಿಲ್ಲ. ಸಂಜೆ ಜಪಕ್ಕೆ ಕೂತಾಗ ತನ್ನ ಪಾಲಿನ ಅರ್ಧವನ್ನು ಅವಳು ಎಂದೂ ತಪ್ಪಿಸುವುದಿಲ್ಲ. ಅಂಗಡಿಯ ಯೋಚನೆಯಲ್ಲಿ ನಾನು ಅವಸರದಿಂದ ಗಂಟನ್ನು ದಾಟಿಸಿಬಿಟ್ಟರೆ, ಎಡಗೈಯಿಂದ ನನ್ನ ಮೊಣಕೈ ತಟ್ಟಿ, ಹಿಂದಕ್ಕೆ ಕರೆದುಕೊಂಡು ಬರುತ್ತಾಳೆ.