ಕಂಬಿಗೆ ಚುಚ್ಚಿದ ಚೀಟಿ

“ಏನಮ್ಮಾ, ನಿನ್ನ ಕಂಪ್ಯೂಟರು ನಿನ್ನೆ ರೇಟಲ್ಲೇ ನಿಂತೈತಲ್ಲಾ!”

ಹರಾಜು ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಸೋದರಮಾವನ ಟೊಮೆಟೊ ಮಂಡಿ ಇದೆ. ಕೂಗಿದವರು ಅಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತ ತಾತ. ಹೊರಗೆ 15 ಕೆಜಿ ಬಾಕ್ಸಿನ ರೇಟು 410, 420 ಎಂದು ಏರುತ್ತಿತ್ತು. ನಾನು ಗೋಡೆಗೆ ಹಾಕಿಸಿದ್ದ ಪರದೆಯಲ್ಲಿ ಮಾತ್ರ ‘ಈಗಿನ ರೇಟು’ ಎಂಬುದರ ಕೆಳಗೆ 360 ಅಲ್ಲಾಡದೆ ಕೂತಿತ್ತು. ಅದು ಹಿಂದಿನ ದಿನದ ಕಡೇ ಲಾಟಿನ ರೇಟು. ಚಿಂತಾಮಣಿ ಕಡೆಯ ರೈತರೊಬ್ಬರು ಆಗಷ್ಟೇ ಮಾಲು ಇಳಿಸಿ ಬಂದು, ಪರದೆ ನೋಡಿ, “ಇಷ್ಟೇನಾ ಇವತ್ತು?” ಎಂದು ಮುಖ ಸಣ್ಣದು ಮಾಡಿಕೊಂಡರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಓಡಿಹೋಗಿ ಪರದೆ ಆರಿಸಿದೆ.

ಆ ಪ್ರೋಗ್ರಾಂ ನಾನೇ ಬರೆದದ್ದು, ಕ್ಲೋಜರ್ ಭಾಷೆಯಲ್ಲಿ. 1958ರಲ್ಲಿ ಜಾನ್ ಮೆಕಾರ್ಥಿ ಶುರುಮಾಡಿದ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮನೆತನಕ್ಕೆ ಸೇರಿದ್ದು ಇದು. 2007ರಲ್ಲಿ ರಿಚ್ ಹಿಕಿ ಹೊರತಂದರು, ಜಾವಾ ಎಂಬ ಇನ್ನೊಂದು ಭಾಷೆ ಓಡುವ ಕಡೆಯೆಲ್ಲ ಓಡುತ್ತದೆ. ಇದರಲ್ಲಿ ಒಮ್ಮೆ ಕಟ್ಟಿದ ಪಟ್ಟಿ ಬದಲಾಗುವುದಿಲ್ಲ. ಹೊಸ ರೇಟು ಸೇರಿಸಿದರೆ ಹೊಸ ಪಟ್ಟಿ ಸಿಗುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಮಂಡಿ ಲೆಕ್ಕದಲ್ಲೂ ಬರೆದ ಅಂಕಿಯನ್ನು ಅಳಿಸಬಾರದು, ಗೀಟು ಹಾಕಿ ಪಕ್ಕದಲ್ಲಿ ಬರೆಯಬೇಕು. ಅದಕ್ಕೇ ಈ ಕೆಲಸಕ್ಕೆ ಈ ಭಾಷೆ ಹೇಳಿಮಾಡಿಸಿದಂತಿದೆ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಬಾಕ್ಸುಗಳ ಎಣಿಕೆ ಸರಿಯಿತ್ತು, ಒಟ್ಟು ಹಣ ಸರಿಯಿತ್ತು, ರೈತರಿಗೆ ಕೊಡುವ ಪಟ್ಟಿಯೂ ಸರಿಯಿತ್ತು. ತಪ್ಪಿದ್ದು ಕಡೇ ರೇಟೊಂದೇ. ಎಲ್ಲ ತಾಳೆಯಾಗುತ್ತಿರುವಾಗ ತಪ್ಪು ಹುಡುಕುವುದು ಬಲು ಕಷ್ಟ.

ಮಧ್ಯಾಹ್ನ ಯಾರ್ಡು ಖಾಲಿಯಾದ ಮೇಲೆ ಇಬ್ಬರು ಬಂದರು. ಒಬ್ಬ ಮಾಲೂರಿನವನು, ನನ್ನ ಕಾಲೇಜು ಗೆಳೆಯ, ಜಾವಾದಲ್ಲಿ ಪಳಗಿದವನು. ಇನ್ನೊಬ್ಬಳು ಶ್ರೀನಿವಾಸಪುರದ ಹುಡುಗಿ, ನನ್ನ ಜೊತೆ ಕ್ಲೋಜರ್ ಕಲಿತವಳು. ಖಾಲಿ ಬಾಕ್ಸು ಬೋರಲು ಹಾಕಿಕೊಂಡು ಕೂತೆವು. ಟೀ ಬರುವಷ್ಟರಲ್ಲಿ ಅವಳು ಹಿಡಿದೇಬಿಟ್ಟಳು.

“ಅಕ್ಕಾ, ಇಲ್ಲಿ ನೋಡಿ. ಮ್ಯಾಪ್ ಆದಮೇಲೆ ಕಾಂಜ್ ಮಾಡಿದ್ದೀರ.”

ಕಾಂಜ್ ಅಂದರೆ ‘ಇದನ್ನು ಸೇರಿಸು’. ವೆಕ್ಟರ್, ಲಿಸ್ಟ್ ಎರಡೂ ಪಟ್ಟಿಯ ಬಗೆಗಳು. ವೆಕ್ಟರಿಗೆ ಸೇರಿಸಿದರೆ ಹೊಸದು ಕೊನೆಗೆ ಹೋಗುತ್ತದೆ, ಲಿಸ್ಟಿಗೆ ಸೇರಿಸಿದರೆ ಮೊದಲಿಗೆ. ಹಿಂದಿನ ದಿನದ ರೇಟುಗಳನ್ನು ನಾನು ವೆಕ್ಟರಿನಲ್ಲೇ ತಂದಿದ್ದೆ. ಆದರೆ ಅಕ್ಷರದಲ್ಲಿದ್ದ ಅಂಕಿಗಳನ್ನು ಸಂಖ್ಯೆ ಮಾಡಲು ಅದರ ಮೇಲೆ ಮ್ಯಾಪ್ ಹಾಯಿಸಿದ್ದೆ. ಪಟ್ಟಿಯಲ್ಲಿರುವ ಒಂದೊಂದಕ್ಕೂ ಒಂದೇ ಕೆಲಸ ಮಾಡಿಸುವುದು ಮ್ಯಾಪ್. ಅದು ಹಿಂದಿರುಗಿಸುವುದು ವೆಕ್ಟರನ್ನಲ್ಲ, ಸೀಕ್ವೆನ್ಸನ್ನು, ಅಂದರೆ ಒಂದಾದಮೇಲೊಂದು ಬರುವ ಸಾಲನ್ನು. ಅದಕ್ಕೆ ಕಾಂಜ್ ಮಾಡಿದರೆ ಲಿಸ್ಟಿನ ಹಾಗೆ ಮುಂದಕ್ಕೇ ಸೇರುತ್ತದೆ. ಬೆಳಗಿನ ಒಂದೊಂದು ಲಾಟೂ ತಲೆಯ ಕಡೆ ಕೂರುತ್ತಾ ಹೋಗಿತ್ತು, ನಾನು ಬಾಲದ ಕಡೆ ನೋಡುತ್ತಿದ್ದೆ.

ಮಾಲೂರಿನವನಿಗೆ ಸಿಟ್ಟೇ ಬಂತು. “ಹೆಸರು ಒಂದು, ಕೆಲಸ ಎರಡು. ಇಂಥದ್ದನ್ನು ನಂಬಿ ಮಂಡಿ ನಡೆಸ್ತೀಯಾ? ಮೊದಲು ಇದನ್ನ ಸರಿಮಾಡಬೇಕು ಈ ಭಾಷೆ ಕಟ್ಟಿದವರು.”

ನಾನು ಉತ್ತರ ಹುಡುಕುತ್ತಾ ತಾತನ ಮೇಜಿನ ಕಡೆ ನೋಡಿದೆ. ಅಲ್ಲಿ ಮರದ ತುಂಡಿಗೆ ನೆಟ್ಟ ಚೂಪು ಕಂಬಿಯೊಂದಿದೆ. ಹರಾಜಾದ ಲಾಟಿನ ಚೀಟಿ ಬಂದ ಹಾಗೆ ತಾತ ಅದಕ್ಕೆ ಚುಚ್ಚುತ್ತಾರೆ, ಹೊಸ ಚೀಟಿ ಯಾವಾಗಲೂ ಮೇಲೆ. ಪಕ್ಕದಲ್ಲೇ ದಿನವಹಿ ಪುಸ್ತಕ, ಅದರಲ್ಲಿ ಹೊಸ ಸಾಲು ಯಾವಾಗಲೂ ಕೆಳಗೆ. ಎರಡಕ್ಕೂ ತಾತ ‘ಸೇರಿಸೋದು’ ಎಂದೇ ಅನ್ನುತ್ತಾರೆ. ಕಂಬಿಯ ಬುಡಕ್ಕೆ ಹೊಸ ಚೀಟಿ ತೂರಿಸಬೇಕೆಂದರೆ ಇರುವುದನ್ನೆಲ್ಲ ಕಿತ್ತು ಮತ್ತೆ ಚುಚ್ಚಬೇಕು. ಕಾಂಜ್ ಮಾಡುವುದೂ ಅದನ್ನೇ: ಎಲ್ಲಿ ಸೇರಿಸಿದರೆ ಕೆಲಸ ಕಡಿಮೆಯೋ ಅಲ್ಲಿ ಸೇರಿಸುತ್ತದೆ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

“ಕಾಂಜ್ ಬಿಡಿ ಸಾರ್,” ಎಂದಳು ಹುಡುಗಿ. “ಅಕ್ಕ ಕೈಯಲ್ಲಿ ಪುಸ್ತಕ ಹಿಡಿದಿದ್ರು, ಮ್ಯಾಪ್ ಅದನ್ನ ಕಂಬಿ ಮಾಡಿಬಿಡ್ತು, ಒಂದು ಮಾತೂ ಹೇಳ್ದೆ. ನನಗೆ ಬೇಜಾರು ಅದು.”

ಮ್ಯಾಪ್ ಹೀಗೇಕೆ? ಅದು ಕೇಳುವವರೆಗೆ ಕೆಲಸ ಮಾಡುವುದಿಲ್ಲ, ಕೇಳಿದಷ್ಟನ್ನೇ ಮಾಡಿಕೊಡುತ್ತದೆ. ಕೊನೆಯೇ ಇಲ್ಲದ ಸಾಲಿನ ಮೇಲೂ ಓಡಬಲ್ಲದ್ದು ಅದರಿಂದಲೇ. ಅವಳು ನೂರು ಸಂಖ್ಯೆಗಳ ವೆಕ್ಟರಿನ ಮೇಲೆ ಮ್ಯಾಪ್ ಹಾಯಿಸಿ, ಒಂದೊಂದನ್ನು ಮುಟ್ಟಿದಾಗಲೂ ಒಂದು ಸಾಲು ಮುದ್ರಿಸುವಂತೆ ಮಾಡಿ, ಮೊದಲನೆಯದನ್ನು ಮಾತ್ರ ಕೇಳಿದಳು. ಮಾಲೂರಿನವನು ಬೆರಳು ಇಟ್ಟು ಎಣಿಸಿದ. ಒಂದಲ್ಲ, 32 ಸಾಲು! ವೆಕ್ಟರಿನ ಒಳಗೆ ಅಂಕಿಗಳು 32ರ ಕಂತೆಗಳಲ್ಲಿ ಕೂತಿರುತ್ತವೆ. ಒಂದು ಬೇಕೆಂದರೂ ಒಂದು ಕಂತೆ ಬಿಚ್ಚುತ್ತದೆ. ‘ಕೇಳಿದಷ್ಟೇ’ ಎಂಬ ಮಾತನ್ನು ಅಕ್ಷರಶಃ ನಂಬಿ, ಅಲ್ಲಿ ಎಸ್ಸೆಮ್ಮೆಸ್ ಕಳಿಸುವ ಕೆಲಸ ಇಟ್ಟಿದ್ದರೆ ಒಬ್ಬ ರೈತನಿಗೆ ಹೋಗಬೇಕಾದ್ದು ಮೂವತ್ತೆರಡು ಜನಕ್ಕೆ ಹೋಗುತ್ತಿತ್ತು.

ಗುರುತು ಹಿಡಿಯುವ ದಾರಿ ಭಾಷೆಯಲ್ಲೇ ಇದೆ. ಕಾಂಜ್‌ನಂಥವು ಪಟ್ಟಿಯನ್ನು ಮೊದಲು ಕೇಳುತ್ತವೆ, ಕೊಟ್ಟ ಜಾತಿಯನ್ನೇ ತಿರುಗಿ ಕೊಡುತ್ತವೆ. ಮ್ಯಾಪ್, ಫಿಲ್ಟರ್‌ನಂಥವು ಪಟ್ಟಿಯನ್ನು ಕೊನೆಗೆ ಕೇಳುತ್ತವೆ, ಸೀಕ್ವೆನ್ಸ್ ಕೊಡುತ್ತವೆ. ಬಹಳ ಚಂದದ ಕಟ್ಟು. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಬೆಳಗಿನ ಸಂಕಟ ಇರುತ್ತಿರಲಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಕಡೇ ರೇಟು ತೆಗೆಯಲು ನಾನು ಲಾಸ್ಟ್ ಬಳಸಿದ್ದೆ. ಅದು ಯಾವ ಬಗೆಯ ಪಟ್ಟಿ ಕೊಟ್ಟರೂ ತಲೆಯಿಂದ ಬಾಲದವರೆಗೆ ನಡೆದುಹೋಗಿ ಏನೋ ಒಂದು ತಂದುಕೊಡುತ್ತದೆ. ಅದರ ಬದಲು ಪೀಕ್ ಬಳಸಿದ್ದರೆ? ವೆಕ್ಟರಿನಲ್ಲಿ ಅದು ನೇರ ಕೊನೆಗೇ ಕೈಹಾಕುತ್ತದೆ, ವೇಗವೂ ಹೆಚ್ಚು. ಸೀಕ್ವೆನ್ಸ್ ಕೊಟ್ಟರೆ ‘ಇದು ನನ್ನಿಂದಾಗದು’ ಎಂದು ದೋಷ ಎಸೆದು ನಿಂತುಬಿಡುತ್ತದೆ. ನಿಂತಿದ್ದರೆ ಪರದೆ ಖಾಲಿ ಇರುತ್ತಿತ್ತು, ಸುಳ್ಳು ಹೇಳುತ್ತಿರಲಿಲ್ಲ. ಭಾಷೆ ಸುಧಾರಿಸಬೇಕಾದ್ದು ಇಲ್ಲಿ ಎಂದು ನಾನು ಗಟ್ಟಿಯಾಗಿ ವಾದಿಸಿದೆ: ತಪ್ಪು ಪ್ರಶ್ನೆ ಕೇಳಿದಾಗ ಜೋರಾಗಿ ಕೂಗಿಕೊಳ್ಳಬೇಕು.

‘ಇದರಲ್ಲಿ ಇದೆಯೇ’ ಎಂದು ಕೇಳುವ ಕಂಟೇನ್ಸ್ ಕೂಡ ಇದೇ ಜಾತಿ. 10, 20, 30 ಇರುವ ವೆಕ್ಟರಿನಲ್ಲಿ 20 ಇದೆಯೇ ಎಂದರೆ ಇಲ್ಲ ಎನ್ನುತ್ತದೆ, 2 ಇದೆಯೇ ಎಂದರೆ ಹೌದು ಎನ್ನುತ್ತದೆ. ಅದು ನೋಡುವುದು ಬೆಲೆಯನ್ನಲ್ಲ, ಸ್ಥಾನದ ಸಂಖ್ಯೆಯನ್ನು, ಎಣಿಕೆ ಸೊನ್ನೆಯಿಂದ. ಸೀಕ್ವೆನ್ಸಿಗೆ ಕೇಳಿದರೆ ಮಾತ್ರ 2013ರ 1.5 ಆವೃತ್ತಿಯಿಂದ ದೋಷ ಎಸೆಯುತ್ತದೆ. ವೆಕ್ಟರಿಗೂ ಹಾಗೇ ಎಸೆಯಲಿ ಎಂದರೆ ಹಳೆಯ ಪ್ರೋಗ್ರಾಂಗಳು ಮುರಿಯುತ್ತವೆ. ಹಳೆಯದನ್ನು ಮುರಿಯಬಾರದೆಂಬುದು ಈ ಭಾಷೆ ಕಟ್ಟುವವರ ಹಠ. ಆ ಹಠದಿಂದಲೇ ನಾನು ಎಂದೋ ಬರೆದದ್ದು ಇಂದೂ ಓಡುತ್ತಿದೆ, ಹಾಗಾಗಿ ಅದನ್ನು ಬೈಯಲಾರೆ. ಅವರು ಹಳೆಯದನ್ನು ಬದಲಿಸುವುದಿಲ್ಲ, ಪಕ್ಕದಲ್ಲಿ ಹೊಸದು ಇಡುತ್ತಾರೆ. ಪ್ರೋಗ್ರಾಂನಲ್ಲಿ 010 ಎಂದು ಬರೆದರೆ, ಮುಂದಿನ ಸೊನ್ನೆಯನ್ನು ಎಂಟರ ಎಣಿಕೆಯ ಗುರುತು ಎಂದುಕೊಳ್ಳುವುದರಿಂದ, ಅದು 8 ಆಗುತ್ತದೆ, 08 ಎಂದರೆ ಅಂಕಿಯೇ ಅಲ್ಲ ಎನ್ನುತ್ತದೆ. ಅದು ಈಗಲೂ ಹಾಗೇ ಇದೆ. ಆದರೆ 2022ರ 1.11 ಆವೃತ್ತಿಯಲ್ಲಿ ಅಕ್ಷರದ ಅಂಕಿಯನ್ನು ಸಂಖ್ಯೆ ಮಾಡಲು ಪಾರ್ಸ್-ಲಾಂಗ್ ಬಂತು, ಅದು 010 ಅನ್ನು ನೆಟ್ಟಗೆ 10 ಎಂದೇ ಓದುತ್ತದೆ.

ಸಂಜೆಗೆ ಮ್ಯಾಪ್ ಇದ್ದಲ್ಲಿ ಮ್ಯಾಪ್‌ವಿ ಹಾಕಿದೆ. ಅದು ವೆಕ್ಟರನ್ನೇ ಕೊಡುತ್ತದೆ. ಲಾಸ್ಟ್ ತೆಗೆದು ಪೀಕ್ ಇಟ್ಟೆ. ಮಾಲೂರಿನವನು ಕಾಂಜ್ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಅಷ್ಟರಲ್ಲಿ ತಾತ ಕಂಬಿಯಿಂದ ಚೀಟಿಗಳನ್ನು ಒಟ್ಟಿಗೆ ಎಳೆದರು. ಕಂತೆಯನ್ನು ಅಂಗೈಲಿ ಬೋರಲು ಹಾಕಿ, ಬೆಳಗಿನ ಮೊದಲ ಲಾಟನ್ನು ಮೇಲಕ್ಕೆ ತಂದುಕೊಂಡು, ದಿನವಹಿಗೆ ಇಳಿಸತೊಡಗಿದರು.

“ತಾತಾ, ಬೋರಲು ಹಾಕೋದು ಯಾವತ್ತಾದ್ರೂ ಮರ್ತಿದ್ದೀರಾ?” ಎಂದೆ.

“ಒಂದ್ಸಲ ಮರ್ತಿದ್ದೆ ಕಣಮ್ಮಾ,” ಎಂದರು ತಲೆಯೆತ್ತದೆ. “ಟೋಟಲ್ ಸರಿಯಾಗೇ ಬಂತು. ಅದಕ್ಕೇ ಗೊತ್ತಾಗ್ಲಿಲ್ಲ. ಮಾರನೇ ದಿನ ರೈತ ಬಂದು ಹೇಳ್ದ.”