ರೈಲು ಕಂಬಿಯ ಗಂಟೆ

ನಮ್ಮ ಹೈಸ್ಕೂಲಿನ ಗಂಟೆ ನಿಜವಾದ ಗಂಟೆಯಾಗಿರಲಿಲ್ಲ. ಎರಡಡಿ ಉದ್ದದ ರೈಲು ಕಂಬಿಯ ತುಂಡು ಅದು. ಆಫೀಸಿನ ಎದುರಿನ ಹೊನ್ನೆ ಮರಕ್ಕೆ ಸರಪಳಿ ಕಟ್ಟಿ ತೂಗಿಬಿಟ್ಟಿದ್ದರು. ಕುಮಟೆಯ ಕಡೆಗೆ ರೈಲು ಬರಲು ಆಗಿನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು. ಹಾಗಾಗಿ ನಾವೆಲ್ಲ ರೈಲಿಗಿಂತ ಮೊದಲು ಹಳಿ ಕಂಡವರು, ಅದೂ ಮರದಲ್ಲಿ ನೇತಾಡುವ ಹಳಿ.

ಕಳೆದ ಆಷಾಢದಲ್ಲಿ ಆ ಗಂಟೆ ಹೊಡೆಯುತ್ತಿದ್ದವರು ತೀರಿಕೊಂಡರು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಅವರ ಹೆಸರೇನಿತ್ತು ಎಂದು ಒಬ್ಬಳು ಕೇಳಿದಳು. ಯಾರಿಂದಲೂ ಉತ್ತರ ಬರಲಿಲ್ಲ. ನಮಗೆ ಅವರು ಬರೀ ಗೌಡ. 'ಗೌಡ, ನೀರು ಕೊಡು', 'ಗೌಡ, ಚಾವಿ ಎಲ್ಲಿ?' ಹನ್ನೆರಡು ವರ್ಷದ ಪೋರರೂ ಏಕವಚನದಲ್ಲೇ ಕರೆಯುತ್ತಿದ್ದೆವು. ಶಾಲೆಯ ಈ ಸಂಚಿಕೆಯ ಸಂಪಾದಕರು ನನ್ನ ಬಳಿ ಕೇಳಿದ್ದು 'ಸಾಧನೆಯ ಹಾದಿ' ಎಂಬ ಲೇಖನ. ಜಾಗ ಉಳಿದರೆ ಅದನ್ನೂ ಬರೆಯುತ್ತೇನೆ.

ಗೌಡರಿಗೆ 94 ಆಗಿತ್ತು ಎನ್ನುವುದು ನನ್ನ ಲೆಕ್ಕ. ಅಂಕೋಲೆಯಲ್ಲಿ ಸತ್ಯಾಗ್ರಹದವರು ಉಪ್ಪು ಮಾಡಿದ ವರ್ಷ ಹುಟ್ಟಿದ್ದು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಅಂದರೆ 1930. ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ 1, 1932. ಆ ಕಾಲದವರೆಲ್ಲ ನಮ್ಮಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು ತಾನೇ! ಹೀಗೆ ಪುಕ್ಕಟೆ ಸಿಕ್ಕ ಎರಡು ವರ್ಷವನ್ನೂ ಅವರು ದುಡಿದೇ ತೀರಿಸಿದರು.

ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಬುಟ್ಟಿ ಹೊರುವುದು, ಮಳೆಗಾಲದಲ್ಲಿ ಅಪ್ಪನ ಜೊತೆ ಗಜನಿಗೆ ಇಳಿಯುವುದು. ಗಜನಿ ಎಂದರೇನೆಂದು ಈಗಿನ ಮಕ್ಕಳಿಗೆ ಹೇಳಬೇಕಾಗಬಹುದು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರಿಗೆ ಕಟ್ಟೆ ಹಾಕಿ ಮಾಡಿದ ಗದ್ದೆ ಅದು. ಮಳೆನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪಿಗೂ ಜಗ್ಗದ, ನಾಲ್ಕು ದಿನ ನೀರಿನಡಿ ಮುಳುಗಿದರೂ ಕೊಳೆಯದ ತಳಿ. ಗೊಬ್ಬರ ಬೇಡ. ಕೊಯ್ಲು ಮುಗಿದ ಮೇಲೆ ಜಂತ್ರಡಿಯ, ಅಂದರೆ ಕಟ್ಟೆಯ ತೂಬಿನ, ಹಲಗೆ ಎತ್ತಿದರೆ ಭರತದ (ಉಬ್ಬರದ) ಜೊತೆ ಶೆಟ್ಲಿ (ಸಿಗಡಿ), ಮೀನು ಒಳಗೆ ಬರುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ. ಹಲಗೆ ಎತ್ತುವ, ಇಳಿಸುವ ಹೊತ್ತು ತಪ್ಪಿತೋ, ವರ್ಷದ ಕೂಳು ಹೋಯಿತು. ಈ ಹೊತ್ತಿನ ಲೆಕ್ಕ ಗೌಡರ ಮೈಯಲ್ಲೇ ಇತ್ತು. ಹೈಸ್ಕೂಲು ಶುರುವಾದಾಗ ಜವಾನರಾಗಿ ಸೇರಿದ ಮೇಲೂ ಬೆಳಿಗ್ಗೆ ಕಟ್ಟೆ ನೋಡಿಯೇ ಬರುತ್ತಿದ್ದರು. ಖಾಕಿ ಚಡ್ಡಿಯ ಕೆಳಗೆ ಮೊಣಕಾಲವರೆಗೂ ಒಣಗಿದ ಕೆಸರು ಇರುತ್ತಿತ್ತು.

ಶಾಲೆ 11ರಿಂದ 5. ಆದರೆ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಕೊನೆಯ ಗಂಟೆ ಐದಕ್ಕಿಂತ ಮೊದಲೇ ಬೀಳುತ್ತಿತ್ತು. ಆ ದಿನಗಳಲ್ಲಿ ಸಂಜೆ ಹೊತ್ತಿಗೆ ಇಳಿತ ಜೋರು. ಆಚೆ ದಡದ ಮಕ್ಕಳ ತಾರಿ ದೋಣಿ ಹುದುಲಲ್ಲಿ ಕೂತುಬಿಡುತ್ತದೆ. ಯಾರೂ ಬರೆದಿಟ್ಟ ನಿಯಮವಲ್ಲ, ಹೆಡ್‌ಮಾಸ್ತರರು ಕಂಡೂ ಕಾಣದಂತೆ ಇದ್ದರು, ಅಷ್ಟೇ.

ಇದಕ್ಕೆ ತಕರಾರು ತೆಗೆದವರು ಧಾರವಾಡದ ಕಡೆಯಿಂದ ಬಂದ ಗಣಿತದ ಮಾಸ್ತರರು. ಕೊನೆಯ ಪೀರಿಯಡ್ ಅವರದು. ಪ್ರಮೇಯ ಅರ್ಧಕ್ಕೆ ಬಂದಾಗ ಗಂಟೆ! "ಇದೇನ್ರೀ ಗೌಡ್ರ, ಸಾಲಿ ನಿಮ್ಮ ಕೈಯಾಗ ಐತೇನು?" ಎಂದು ಅಂಗಳಕ್ಕೆ ಬಂದು ಕೂಗಾಡಿದರು. ಬೈಯುವಾಗಲೂ ಬಹುವಚನ! ನಮ್ಮ ಶಾಲೆಯಲ್ಲಿ ಗೌಡರನ್ನು 'ಗೌಡ್ರ' ಎಂದು ಕರೆದ ಮೊದಲ ಮನುಷ್ಯ ಅವರೇ. ಗೌಡರು ಏನೂ ಹೇಳಲಿಲ್ಲ. "ಒಂದ್ಸಲ ಹುಡುಗ್ರ ಸಂಗ್ತಿಗೆ ಆಚೆ ಹೋಗಿ ಬನ್ನಿ" ಎಂದರು. ಹಟ ಹಿಡಿದ ಮಾಸ್ತರರು ಮುಂದಿನ ಅಮಾವಾಸ್ಯೆಗೆ ಐದು ಹೊಡೆದ ಮೇಲೆಯೇ ಹೊರಟರು. ದೋಣಿ ನಡುವೆ ಸಿಕ್ಕಿಬಿತ್ತು. ಇಳಿದವರು ತೊಡೆಯವರೆಗೆ ಹೂತರು. ಅವರ ಒಂದು ಚಪ್ಪಲಿ ಇವತ್ತಿಗೂ ಅಘನಾಶಿನಿಯಲ್ಲೇ ಇದೆ.

ಮರುದಿನ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಗೌಡರಿಂದ ಕಲಿತದ್ದಂತೆ: ತಿಥಿ ಒಂದು ಮುಂದೆ ಹೋದರೆ ಭರತ ಎರಡು ಗಳಿಗೆ ತಡ. ಎರಡು ಗಳಿಗೆ ಎಂದರೆ 48 ನಿಮಿಷ. ಹದಿನೈದು ತಿಥಿಗೆ ಹನ್ನೆರಡು ಗಂಟೆ, ಮತ್ತೆ ಮೊದಲಿಗೆ. "ಹಂಗಾದ್ರ ಬರೋ ಏಕಾದಶಿಗೆ ಇಳಿತ ಎಷ್ಟು ಗಂಟೆಗೆ? ತೆಗೀರಿ!" ಆ ಮೂರು ವರ್ಷದಲ್ಲಿ ಕಲಿತ ಬೀಜಗಣಿತ, ಇತಿಹಾಸ ಎಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಲೆಕ್ಕವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. (ಹೇಳಿಕೊಳ್ಳಬಾರದು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ 100ಕ್ಕೆ 96 ಬಂದಿತ್ತು.)

ಅಲ್ಲಿಂದ ಮಾಸ್ತರರೂ ಗೌಡರೂ ಒಂದಾದರು. ಅದು ನಮ್ಮ ಮನೆಗೆ ತಟ್ಟಿತು. 1974ರ ಮಾರ್ಚ್ ಒಂದರಿಂದ ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂದು, ಗೇಣಿ ಮಾಡುತ್ತಿದ್ದವರೆಲ್ಲ ತಾವು ಉಳುವ ಭೂಮಿಯ ಹಕ್ಕು ಕೇಳಿ ಡಿಕ್ಲರೇಶನ್ ಹಾಕುತ್ತಿದ್ದ ಕಾಲ. ಗೌಡರ ಅಪ್ಪನ ಹೆಸರಿನ ಏಳನೇ ನಂಬರ್ ಫಾರ್ಮನ್ನು ಸ್ಟಾಫ್ ರೂಮಿನಲ್ಲಿ ಕೂತು ತುಂಬಿಕೊಟ್ಟವರು ಗಣಿತದ ಮಾಸ್ತರರು. ಆ ಗಜನಿಯ ಒಡೆಯರು ನನ್ನ ಅಜ್ಜ. ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಜ್ಜ ಮಾಸ್ತರರನ್ನು ಕಂಡರೆ ದಾರಿ ಬದಲಿಸತೊಡಗಿದರು. ನಾನು ಗೌಡನ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟೆ. ಎಂಥ ದೊಡ್ಡ ಮನುಷ್ಯ ನೋಡಿ, ಒಂಬತ್ತನೇ ಇಯತ್ತೆ!

ಗಡಿಯಾರದ ಕತೆ ನಡೆದದ್ದು ಅದೇ ವರ್ಷ, ಹುಣಸೆಹಣ್ಣಿನ ಕಾಲದಲ್ಲಿ. ಕೊನೆಯ ಪೀರಿಯಡ್ಡಿಗೆ ಗಣಿತದ ಪರೀಕ್ಷೆ. ನನಗೆ ಹೆದರಿಕೆಯಿರಲಿಲ್ಲ, ಗೆಳೆಯರಿಬ್ಬರಿಗೆ ಇತ್ತು. ಜೊತೆಗೆ ಗೌಡನಿಗೆ ಒಂದು ಪಾಠ ಕಲಿಸಬೇಕೆಂಬ ಆಸೆ ನನ್ನೊಳಗೆ. ಊಟದ ಬಿಡುವಿನಲ್ಲಿ ಹೆಡ್‌ಮಾಸ್ತರರು ಇಲ್ಲದಾಗ ಆಫೀಸಿಗೆ ನುಗ್ಗಿ, ಬೆಂಚು ಹತ್ತಿ, ಗೋಡೆ ಗಡಿಯಾರದ ಮುಳ್ಳನ್ನು ನಲವತ್ತು ನಿಮಿಷ ಮುಂದೆ ತಳ್ಳಿದೆ. ಗೌಡ ಬೇಗ ಗಂಟೆ ಹೊಡೆಯುತ್ತಾನೆ, ಬೈಸಿಕೊಳ್ಳುತ್ತಾನೆ.

ಗಂಟೆ ಬೀಳಲಿಲ್ಲ. ಗಡಿಯಾರ ಐದು ತೋರಿಸಿದಾಗ ಹೆಡ್‌ಮಾಸ್ತರರೇ ಹೊರಬಂದು ಗದರಿದರು: "ನಿದ್ದೆ ಬಂತಾ ನಿಂಗೆ?" ಗೌಡರು ಮೆಟ್ಟಿಲ ಮೇಲೆ ಕೂತಿದ್ದವರು ಎದ್ದರು. ಹೊಳೆಯಲ್ಲಿ ಹುಗಿದ ಗೂಟವನ್ನು ತೋರಿಸಿ, "ನೀರು ಇನ್ನೂ ಅದರ ಕುತ್ತಿಗೆ ಬಿಡ್ಲಿಲ್ಲ. ಐದಾಗೂಕೆ ಹೊತ್ತುಂಟು" ಎಂದರು. ಹೆಡ್‌ಮಾಸ್ತರರು ಕೈಗಡಿಯಾರ ನೋಡಿಕೊಂಡರು. ಒಳಗೆ ಓಡಿದರು. ಅವರಿಗಿಂತ ಮೊದಲು ಗೌಡರು ಬೆಂಚು ಹತ್ತಿದ್ದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಗಾಜಿನ ಮೇಲೆ ಹುಣಸೆಹಣ್ಣಿನ ಅಂಟು, ನನ್ನ ಐದು ಬೆರಳು. ಇಡೀ ಶಾಲೆಯಲ್ಲಿ ಆ ದಿನ ಜೇಬು ತುಂಬ ಹುಣಸೆಹಣ್ಣು ತಂದವನು ನಾನೊಬ್ಬನೇ. ಗೌಡರು ಹೆಗಲ ಪಂಜಿಯಿಂದ ಗಾಜನ್ನು ಚೆನ್ನಾಗಿ ಒರೆಸಿದರು, ಮುಳ್ಳು ಹಿಂದೆ ಸರಿಸಿದರು. "ಹಳೇ ಗಡಿಯಾರ, ಒಂದೊಂದ್ಸಲ ಓಡ್ತದೆ" ಎಂದರು.

ಆಮೇಲೆ ಟ್ರಿಬ್ಯುನಲ್ಲಿನಲ್ಲಿ ಗಜನಿ ಅವರ ಪಾಲಾಯಿತು. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಸರಕಾರಿ ನೌಕರಿ ಹಿಡಿದೆ, ಕಾರ್ಯನಿರ್ವಾಹಕ ಇಂಜಿನಿಯರಾಗಿ ನಿವೃತ್ತನಾದೆ. ಸಾಧನೆಯ ಹಾದಿ ಇಷ್ಟೇ.

ನಾಲ್ಕು ವರ್ಷದ ಹಿಂದೆ ಗುರುವಂದನೆ ಇಟ್ಟುಕೊಂಡಾಗ ನಾನು ವೇದಿಕೆಯ ಮೇಲಿದ್ದೆ. ಶಾಲೆಗೆ ಈಗ ತಾನಾಗಿ ಬಾರಿಸುವ ಕರೆಂಟಿನ ಬೆಲ್ಲು, ಹಳದಿ ಬಸ್ಸು. ಭಾಷಣದಲ್ಲಿ ಮಕ್ಕಳಿಗೆ 'ಇವತ್ತು ಭರತ ಎಷ್ಟೊತ್ತಿಗೆ?' ಎಂದು ಕೇಳಿದೆ. ನಕ್ಕರು. ಹೊಳೆ ನೂರು ಮಾರು ದೂರದಲ್ಲಿದೆ! ಶಾಲು ಹೊದೆಸಿದ್ದು ಮಾಸ್ತರರಿಗೆ, ಅಕ್ಕೋರಿಗೆ. ಗೌಡರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬ.

ಅವರು ಹಿಂದೆ, ನೀರಿನ ಡ್ರಮ್ಮಿನ ಪಕ್ಕ ಕೂತಿದ್ದರು. ಹೋಗಿ ಹುಣಸೆಹಣ್ಣಿನ ವಿಷಯ ಹೇಳಿದೆ. "ಗೊತ್ತಿತ್ತು ತಮಾ" ಎಂದರು. ಮತ್ತೆ, ರೈಲು ಬಂದ ವರ್ಷ ಮಿರ್ಜಾನದ ಹತ್ತಿರ ನಿಂತು ನೋಡಿದ್ದನ್ನು ಹೇಳಿದರು: "ನಮ್ಮ ಗಂಟೆ ಮೇಲೆ ಗಾಡಿ ಓಡ್ತದೆ!" ಆಮೇಲೆ ಕೇಳಿದರು: "ಈಗ ಜಂತ್ರಡಿಗೆ ಕಬ್ಬಿಣದ ಬಾಗಿಲು ಹಾಕ್ತಾರಲ್ಲ, ಉಪ್ಪುನೀರಿಗೆ ಅದು ಎಷ್ಟು ವರ್ಷ ಬರ್ತದೆ? ನೀನು ಇಂಜಿನೇರ ಅಲ್ವಾ?" ಏನೋ ಒಂದು ಅಂಕಿ ಹೇಳಿದೆ. ಅವರು ತಲೆಯಾಡಿಸಿದರು.

ತೀರಿಕೊಂಡ ಮೇಲೆ, ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಮೊಮ್ಮಗ ಗಜನಿಯ ಕಟ್ಟೆಗೆ ಕರೆದುಕೊಂಡು ಹೋದ. ಸುತ್ತಲಿನವರು ಬೇಸಾಯ ಬಿಟ್ಟು ಬರೀ ಶೆಟ್ಲಿಗೆ ನೀರು ನಿಲ್ಲಿಸಿದ್ದಾರೆ. ಇವರದೊಂದರಲ್ಲಿ ಕಗ್ಗ ಮೊಣಕಾಲೆತ್ತರ ಎದ್ದಿತ್ತು. ಜಂತ್ರಡಿಯ ಕಬ್ಬಿಣದ ಬಾಗಿಲು ಬುಡದಲ್ಲಿ ಜರಡಿಯಾಗಿತ್ತು. ಅದರ ಹಿಂದೆ ಮರದ ಹಲಗೆ ಕೂಡಿಸಿದ್ದರು. ಸಂದಿಯಲ್ಲಿ ಹನಿ ನೀರೂ ಜಿನುಗುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಅಜ್ಜ ಮಾಡಿದ್ದು ಎಂದ ಹುಡುಗ. ಪಕ್ಕದ ಗೂಟಕ್ಕೆ ರೈಲು ಕಂಬಿ ಕಟ್ಟಿತ್ತು. ಹಳೇ ಕಟ್ಟಡ ಕೆಡವಿದಾಗ ಶಾಲೆಯಿಂದ ಕೇಳಿ ತಂದದ್ದಂತೆ, ಕಟ್ಟೆ ಒಡೆದರೆ ಊರು ಎಬ್ಬಿಸಲಿಕ್ಕೆ.

ಇನ್ನೂ ನಿಂತಿರುತ್ತಿದ್ದೆನೇನೋ. ಹುಡುಗ ಹೊಳೆಯ ಕಡೆ ನೋಡಿ, "ಈಗ್ಲೇ ದಾಟಿ ಬಿಡಿ, ಇನ್ ಸ್ವಲ್ಪ ಹೊತ್ತಿಗೆ ದಾರಿ ಮೇಲೆ ನೀರು ಬರ್ತದೆ" ಎಂದ. ನಾನು ಗಡಿಯಾರ ನೋಡಿಕೊಂಡೆ.